ಕಡ್ಡಿಗೆ ಚುಚ್ಚಿದ ಚೆಂಡು: ಪಿಚಿಂಗ್ ಕೋಚ್ ಜಾನಿ ಸೇನ್

ನಮ್ಮ ಬಡಾವಣೆಯ ಗ್ರಂಥಾಲಯದಲ್ಲಿ ಆಟದ ಆಸಕ್ತರ ಮುಂದೆ ಆಡಿದ ಮಾತುಗಳನ್ನು ಇಲ್ಲಿ ಬರಹಕ್ಕೆ ಇಳಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಮಾತು ಶುರು ಮಾಡುವ ಮೊದಲು ಈ ಚೆಂಡನ್ನು ಒಮ್ಮೆ ನೋಡಿ. ಇದು ಬೇಸ್‌ಬಾಲ್. ಬಿಳಿ ತೊಗಲು, ಕೆಂಪು ದಾರದ 108 ಜೋಡಿ ಹೊಲಿಗೆ. ತೂಕ 145 ಗ್ರಾಂ ಆಸುಪಾಸು. ನಮ್ಮ ಕ್ರಿಕೆಟ್ ಚೆಂಡಿಗಿಂತ ಸ್ವಲ್ಪ ಹಗುರ. ನಮ್ಮ ಬೀದಿಯ ವೆಲ್ಡಿಂಗ್ ಅಂಗಡಿಯವರ ಹತ್ತಿರ ಇದಕ್ಕೆ ನಡುಮಧ್ಯೆ ತೂತು ಕೊರೆಸಿ, ಒಂದು ಕಬ್ಬಿಣದ ಕಡ್ಡಿ ತೂರಿಸಿಕೊಂಡು ಬಂದಿದ್ದೇನೆ. ಎಡಗೈಯಲ್ಲಿ ಕಡ್ಡಿ ಹಿಡಿದು, ಬಲಗೈ ಬೆರಳಲ್ಲಿ ಚೆಂಡನ್ನು ಸೆಳೆದರೆ, ನೋಡಿ, ಗಿರಗಿರ ತಿರುಗುತ್ತೆ. ಹೊಲಿಗೆ ಎಲ್ಲ ಸೇರಿ ಕೆಂಪು ಪಟ್ಟಿಯ ಹಾಗೆ ಕಾಣುತ್ತೆ. ಕಡ್ಡಿ ಓರೆ ಮಾಡಿದರೆ ಪಟ್ಟಿಯೂ ಓರೆ.

ಇಂಥದ್ದೊಂದು ಚೆಂಡನ್ನು ಜಾನಿ ಸೇನ್ ಎನ್ನುವ ಪಿಚಿಂಗ್ ಕೋಚ್ ತಮ್ಮ ಹುಡುಗರ ಕೈಗೆ ಕೊಡುತ್ತಿದ್ದರು. ಇವತ್ತಿನ ಮಾತೆಲ್ಲ ಅವರ ಬಗ್ಗೆಯೇ.

ನಾನು ಯಾಕೆ ಈ ಮನುಷ್ಯನ ಹಿಂದೆ ಬಿದ್ದೆ ಅಂತ ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನಲ್ಲಿ ನಾನು ವೇಗದ ಬೌಲರ್. ಭುಜ ನೋಯ್ತಿದೆ ಅಂದರೆ ನಮ್ಮ ಕೋಚ್ ಮೈದಾನಕ್ಕೆ ಇನ್ನೂ ಹತ್ತು ಸುತ್ತು ಓಡಿಸುತ್ತಿದ್ದರು. ಓಡಿದ ಮೇಲೆ ಮತ್ತೆ ಬೌಲಿಂಗ್. ಇಪ್ಪತ್ತೊಂದನೇ ವಯಸ್ಸಿಗೆ ನನ್ನ ಭುಜ ಕೈಕೊಟ್ಟಿತು. ಈಗಲೂ ಮೇಲಿನ ಕಪಾಟಿನಿಂದ ಡಬ್ಬ ಇಳಿಸೋದು ಅಂದರೆ ಎಡಗೈಯೇ ಬೇಕು. ಮುಂದೆ 1997ರಲ್ಲಿ ಕೆಲಸದ ಮೇಲೆ ಅಮೆರಿಕದ ಅಟ್ಲಾಂಟಕ್ಕೆ ಹೋದೆ. ಅಲ್ಲಿ ಬೇಸ್‌ಬಾಲ್ ನೋಡುತ್ತಾ ನೋಡುತ್ತಾ, ಎಸೆಯುವವನ ಪರವಾಗಿಯೇ ನಿಲ್ಲೋ ಕೋಚ್ ಅಂತಲೂ ಒಬ್ಬರು ಇರಬಹುದು ಅಂತ ಗೊತ್ತಾಯಿತು. ಆ ನಂಟನ್ನು ಹುಡುಕಿಕೊಂಡು ಹಿಂದೆ ಹೋದಾಗ ಸಿಕ್ಕವರು ಸೇನ್.

ಪಿಚರ್ ಅಂದರೆ ಯಾರು ಅಂತ ಎರಡು ಮಾತು. ಕ್ರಿಕೆಟ್‌ನಲ್ಲಿ ಬೌಲರ್ ಓಡಿ ಬಂದು, ಮೊಣಕೈ ಮಡಚದೆ, ಚೆಂಡನ್ನು ನೆಲಕ್ಕೆ ಪುಟಿಸುತ್ತಾನೆ. ಪಿಚರ್ ಒಂದು ಪುಟ್ಟ ಮಣ್ಣಿನ ದಿಬ್ಬದ ಮೇಲೆ ನಿಂತು, 60 ಅಡಿ 6 ಇಂಚು ದೂರಕ್ಕೆ, ಕೈ ಮಡಚಿ ಎಸೆಯುತ್ತಾನೆ. ಚೆಂಡು ನೆಲ ಮುಟ್ಟೋದೇ ಇಲ್ಲ. ಅದು ಏನು ತಿರುಗಿದರೂ, ಇಳಿದರೂ ಗಾಳಿಯಲ್ಲೇ. ಹಾಗಾಗಿ ಪಿಚರ್‌ಗೆ ಚೆಂಡಿನ ಸುತ್ತು ಅನ್ನೋದು ಬದುಕು. ಪಂದ್ಯ ಶುರು ಮಾಡುವ ಪಿಚರ್ ಈಗ ಐದು ದಿನಕ್ಕೊಮ್ಮೆ ಬರುತ್ತಾನೆ, ಹಿಂದೆ ನಾಲ್ಕು ದಿನಕ್ಕೊಮ್ಮೆ ಬರುತ್ತಿದ್ದ. ತಂಡ ಗೆದ್ದರೆ ಆ ಗೆಲುವನ್ನು ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ. ಒಂದು ಸೀಸನ್ನಿನಲ್ಲಿ 20 ಗೆಲುವು ಬಂತು ಅಂದರೆ ಆ ವರ್ಷ ಅವನದು.

ಇನ್ನು ಪಿಚಿಂಗ್ ಕೋಚ್. ಟಿವಿಯಲ್ಲಿ ನೋಡಿರುತ್ತೀರಿ. ಆಟ ನಿಲ್ಲಿಸಿ, ದಿಬ್ಬಕ್ಕೆ ನಡೆದುಕೊಂಡು ಹೋಗಿ, ಪಿಚರ್ ಹತ್ತಿರ ಅರ್ಧ ನಿಮಿಷ ಮಾತಾಡಿ ಬರುತ್ತಾರಲ್ಲ, ಅವರೇ. ಬೇಸ್‌ಬಾಲ್ ಪಂದ್ಯದಲ್ಲಿ ಸಾಮಾನ್ಯವಾಗಿ ಒಂಬತ್ತು ಪುಟ್ಟ ಇನಿಂಗ್ಸ್ ಇರುತ್ತೆ. ಒಂದೇ ಇನಿಂಗ್ಸ್‌ನಲ್ಲಿ ಅದೇ ಪಿಚರ್ ಹತ್ತಿರ ಎರಡನೇ ಸಲ ಹೋದರೆ ಅವನನ್ನು ಆಟದಿಂದ ತೆಗೆಯಲೇಬೇಕು ಅನ್ನೋದು ನಿಯಮ. ಜನ ನೋಡೋದು ಆ ಅರ್ಧ ನಿಮಿಷವನ್ನು ಮಾತ್ರ. ಉಳಿದ ನಾಲ್ಕು ದಿನ, ಯಾರೂ ನೋಡದ ಮೂಲೆಯಲ್ಲಿ, ಅವನ ತೋಳನ್ನೂ ತಲೆಯನ್ನೂ ಮುಂದಿನ ಪಂದ್ಯಕ್ಕೆ ಅಣಿ ಮಾಡೋದೇ ನಿಜವಾದ ಕೆಲಸ.

ಸೇನ್ ಹುಟ್ಟಿದ್ದು 1917ರಲ್ಲಿ, ಅರ್ಕನ್ಸಾ ರಾಜ್ಯದ ಹವಾನಾ ಎಂಬ ಸಣ್ಣ ಊರಿನಲ್ಲಿ. ಅಪ್ಪ ಕಾರು ರಿಪೇರಿ ಮೆಕ್ಯಾನಿಕ್. ಗಾಳಿಯಲ್ಲೇ ಬಾಗಿ ಇಳಿಯುವ ಕರ್ವ್‌ಬಾಲ್ ಎಸೆಯೋದನ್ನು ಮಗನಿಗೆ ಕಲಿಸಿದ್ದೂ ಅಪ್ಪನೇ. ಹುಡುಗನ ಚೆಂಡಿಗೆ ವೇಗ ಇರಲಿಲ್ಲ. ಸುತ್ತು ಇತ್ತು. ಎರಡನೇ ಮಹಾಯುದ್ಧದಲ್ಲಿ ನೌಕಾಪಡೆಯ ವಿಮಾನ ಹಾರಿಸೋದನ್ನು ಕಲಿತು, ಮೂರು ವರ್ಷ ಆಟದಿಂದ ದೂರ ಇದ್ದು, 1946ರಲ್ಲಿ ಬಾಸ್ಟನ್ ಬ್ರೇವ್ಸ್ ತಂಡಕ್ಕೆ ಮರಳಿದರು. ಬಂದ ವರ್ಷವೇ 20 ಗೆಲುವು. ಮರುವರ್ಷ 21. 1948ರಲ್ಲಿ 24. ಆ ವರ್ಷ 314 ಇನಿಂಗ್ಸ್‌ಗೂ ಜಾಸ್ತಿ ಎಸೆದರು. 28 ಪಂದ್ಯಗಳನ್ನು ಮೊದಲಿನಿಂದ ಕೊನೆತನಕ ಒಬ್ಬರೇ ಮುಗಿಸಿದರು. ತಂಡದಲ್ಲಿ ನಂಬಬಹುದಾದ ಪಿಚರ್‌ಗಳು ಇಬ್ಬರೇ, ವಾರೆನ್ ಸ್ಪಾನ್ ಮತ್ತು ಸೇನ್. ಒಂದು ದಿನ ಸ್ಪಾನ್, ಒಂದು ದಿನ ಸೇನ್, ಆಮೇಲೆ ಮಳೆ ಬರಲಿ ದೇವರೇ ಅಂತ ಬಾಸ್ಟನ್ ಪತ್ರಿಕೆಯಲ್ಲಿ ಒಂದು ಪದ್ಯವೇ ಬಂತು. ಬೇಸ್‌ಬಾಲ್ ಗೊತ್ತಿರುವ ಅಮೆರಿಕನ್ನರಿಗೆ ಆ ಪ್ರಾಸ ಈಗಲೂ ಬಾಯಿಪಾಠ.

ಇನ್ನೊಂದು ಸಂಗತಿ. 1947ರ ಏಪ್ರಿಲ್ 15ರಂದು ಕಪ್ಪು ಜನಾಂಗದ ಆಟಗಾರ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕೆ ಇಳಿದರು. ಅಮೆರಿಕದ ಬೇಸ್‌ಬಾಲ್‌ನ ಅತಿ ಮೇಲಿನ ಹಂತವಾದ ಮೇಜರ್ ಲೀಗ್‌ನಲ್ಲಿ ಆ ಕಾಲದಲ್ಲಿದ್ದ ವರ್ಣಭೇದದ ಗೋಡೆ ಒಡೆದದ್ದು ಆ ದಿನ. ಎದುರು ದಿಬ್ಬದ ಮೇಲೆ ನಿಂತು ಅವರಿಗೆ ಮೊದಲ ಚೆಂಡು ಎಸೆದವರು ಜಾನಿ ಸೇನ್.

1949ರಲ್ಲಿ ಭುಜ ನೋವಿಗೆ ಸಿಕ್ಕಿ 10 ಗೆದ್ದು 17 ಸೋತರು. ಮರುವರ್ಷ ಮತ್ತೆ 20 ಗೆಲುವು. ಈ ಎರಡು ವರ್ಷವನ್ನು ನೆನಪಿಟ್ಟುಕೊಳ್ಳಿ. ತೋಳು ಕೈಕೊಡೋದು ಅಂದರೆ ಏನು, ಅದನ್ನು ವಾಪಸ್ ತರೋದು ಅಂದರೆ ಏನು ಅಂತ ಅವರು ತಮ್ಮ ಮೈಯಲ್ಲೇ ಕಲಿತರು.

ಕೋಚ್ ಆಗಿ ಹೆಸರು ಬಂದದ್ದು 1961ರಲ್ಲಿ, ನ್ಯೂಯಾರ್ಕ್ ಯಾಂಕೀಸ್‌ನಲ್ಲಿ. ಅಲ್ಲಿ ವೈಟಿ ಫೋರ್ಡ್ ಅಂತ ಎಡಗೈ ಪಿಚರ್. ತಂಡದ ಕಣ್ಮಣಿ. ಆದರೆ ಹತ್ತು ವರ್ಷದಲ್ಲಿ ಒಮ್ಮೆಯೂ 20 ಗೆದ್ದಿರಲಿಲ್ಲ. ಯಾಕೆ ಗೊತ್ತಾ? ಹಳೆಯ ಮ್ಯಾನೇಜರ್, ಅಂದರೆ ತಂಡ ನಡೆಸುವ ಮುಖ್ಯ ಕೋಚ್, ಫೋರ್ಡ್ ಅವರನ್ನು ಜೋಪಾನ ಮಾಡುತ್ತಿದ್ದರು. ಬಲಿಷ್ಠ ತಂಡ ಬಂದಾಗ ಮಾತ್ರ ಇಳಿಸುತ್ತಿದ್ದರು. ಹೊಸ ಮ್ಯಾನೇಜರ್ ರಾಲ್ಫ್ ಹೌಕ್ ಮತ್ತು ಸೇನ್ ಸೇರಿ ಫೋರ್ಡ್‌ಗೆ ನಾಲ್ಕು ದಿನಕ್ಕೊಮ್ಮೆ ಚೆಂಡು ಕೊಟ್ಟರು. ಆ ವರ್ಷ ಫೋರ್ಡ್ 25 ಗೆದ್ದು, ಸೋತದ್ದು ನಾಲ್ಕೇ. ವರ್ಷದ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿಯೂ ಬಂತು. 1962ರಲ್ಲಿ ರಾಲ್ಫ್ ಟೆರ್ರಿ 23 ಗೆದ್ದರು. 1963ರಲ್ಲಿ ಜಿಮ್ ಬೌಟನ್ 21, ಫೋರ್ಡ್ ಮತ್ತೆ 24. ಮೂರು ವರ್ಷ, ಮೂರು ಸಲವೂ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಫೈನಲ್ ಸರಣಿ, ಅದರಲ್ಲಿ ಎರಡು ಸಲ ಗೆಲುವು. 1964ರಲ್ಲಿ ನೋಡಿದರೆ ಸೇನ್ ಯಾಂಕೀಸ್‌ನಲ್ಲಿ ಇಲ್ಲ!

ಇದೇ ಇವರ ಕಥೆ. ಹೋದಲ್ಲೆಲ್ಲ ಪಿಚರ್‌ಗಳು ಗೆಲ್ಲುತ್ತಾರೆ. ಎರಡು ಮೂರು ವರ್ಷಕ್ಕೆ ಇವರು ಗಂಟುಮೂಟೆ ಕಟ್ಟುತ್ತಾರೆ.

ಯಾಕೆ ಹಾಗಾಗುತ್ತಿತ್ತು? ಮೊದಲನೇ ಜಗಳ ಓಟದ ಬಗ್ಗೆ. ಪಂದ್ಯವಿಲ್ಲದ ದಿನ ಪಿಚರ್‌ಗಳನ್ನು ಮೈದಾನದ ಈ ಬೇಲಿಯಿಂದ ಆ ಬೇಲಿಗೆ ಓಡಿಸೋದು ಆಗಿನ ಪದ್ಧತಿ. ಕಾಲು ಗಟ್ಟಿ ಇದ್ದರೆ ತೋಳು ಗಟ್ಟಿ ಅನ್ನೋ ನಂಬಿಕೆ. ಸೇನ್ ಒಪ್ಪಲಿಲ್ಲ. ಚೆಂಡನ್ನು ಬ್ಯಾಟರ್ ಹತ್ತಿರ ಎಸೆಯಬೇಕೇ ಹೊರತು, ಕೈಯಲ್ಲಿ ಹಿಡಿದು ಓಡಿಹೋಗಿ ಕೊಡೋದಿಲ್ಲವಲ್ಲ ಅನ್ನೋದು ಅವರ ವಾದ. ಎಸೆಯುವ ತೋಳಿಗೆ ಎಸೆದೇ ಅಭ್ಯಾಸ ಆಗಬೇಕು. ಆದರೆ ಪೂರ್ತಿ ಬಲ ಹಾಕಿ ಅಲ್ಲ. ಮೆಲ್ಲಗೆ, ದಿನವೂ, ಬೆರಳಿಗೆ ಚೆಂಡಿನ ಹಿಡಿತ ಮರೆಯದ ಹಾಗೆ. ವೀಣೆ ಕಲಿಯೋರು ಕಛೇರಿ ಇಲ್ಲದ ದಿನವೂ ಅರ್ಧ ಗಂಟೆ ತಂತಿ ಮೀಟುತ್ತಾರಲ್ವಾ, ಹಾಗೆ. ನಮ್ಮ ಕೋಚ್ ನನ್ನನ್ನು ಓಡಿಸಿದ ಸುತ್ತುಗಳು ನೆನಪಾದರೆ ನನಗೆ ಈ ಜಾಗದಲ್ಲಿ ಗಂಟಲು ಕಟ್ಟುತ್ತೆ.

ಈ ಕಡ್ಡಿ ಚೆಂಡಿನ ಗುಟ್ಟೂ ಅದೇ. ತೋಳಿಗೆ ಒಂದು ಚೂರೂ ಆಯಾಸ ಇಲ್ಲದೆ ಮಣಿಕಟ್ಟಿಗೆ ಸುತ್ತಿನ ಪಾಠ. ಮಂಚದ ಮೇಲೆ ಕೂತು ಮಾಡಬಹುದು, ಬಸ್ಸಲ್ಲಿ ಹೋಗುತ್ತಾ ಮಾಡಬಹುದು. ಕರ್ವ್‌ಬಾಲ್‌ಗೆ ಚೆಂಡು ಮೇಲಿನಿಂದ ಮುಂದಕ್ಕೆ ಉರುಳಬೇಕು. ಆಗ ಗಾಳಿ ಅದನ್ನು ಕೆಳಕ್ಕೆ ಒತ್ತುತ್ತೆ. ಕಡ್ಡಿ ನೆಲಕ್ಕೆ ಸಮನಾಗಿ, ಅಡ್ಡಲಾಗಿ ಇರಲಿ. ಈಗ ತಿರುಗಿಸಿ ನೋಡಿ. ಪಟ್ಟಿ ನೆಟ್ಟಗೆ ನಿಂತಿದೆ. ಸ್ವಲ್ಪ ಓರೆ ಮಾಡಿ. ಈಗ ಚೆಂಡು ಇಳಿಯುತ್ತಾ ಪಕ್ಕಕ್ಕೂ ಜಾರುತ್ತೆ. ಪುಟಗಟ್ಟಲೆ ವಿವರಿಸಿದರೂ ಅರ್ಥವಾಗದ ವಿಷಯವನ್ನು ಹುಡುಗರು ಎರಡು ನಿಮಿಷದಲ್ಲಿ ಬೆರಳಲ್ಲೇ ತಿಳಿದುಕೊಳ್ಳುತ್ತಿದ್ದರು.

ಎರಡನೇ ಜಗಳ ದೊಡ್ಡದು. ಸೇನ್ ಪಿಚರ್‌ಗಳ ಮನುಷ್ಯ. ಪಿಚರ್ ತನ್ನ ಹತ್ತಿರ ಹೇಳಿಕೊಂಡದ್ದನ್ನು ಮ್ಯಾನೇಜರ್ ಕಿವಿಗೆ ಹಾಕುವವರಲ್ಲ. ಸಂಬಳದ ಮಾತು ಬಂದಾಗ, ಹೆದರಬೇಡ, ಆಫೀಸಿನ ಮೆಟ್ಟಿಲು ಹತ್ತಿ ನಿನ್ನ ಬೆಲೆ ಕೇಳು ಅಂತ ಧೈರ್ಯ ತುಂಬುತ್ತಿದ್ದರು. ಆಗ ಆಟಗಾರರಿಗೆ ಏಜೆಂಟ್ ಇಲ್ಲ, ತಂಡ ಬದಲಿಸುವ ಸ್ವಾತಂತ್ರ್ಯವೂ ಇಲ್ಲ. ಅಂಥ ಕಾಲದಲ್ಲಿ ಮಾಲೀಕರ ಸಂಬಳ ತಿನ್ನುವ ಕೋಚ್ ಒಬ್ಬ ಹೀಗೆ ಹೇಳಿಕೊಟ್ಟರೆ ಮೇಲಿನವರಿಗೆ ಹೇಗಾಗಿರಬೇಡ!

1965ರಲ್ಲಿ ಮಿನ್ನೆಸೋಟ ಟ್ವಿನ್ಸ್‌ಗೆ ಹೋದರು. ಆ ವರ್ಷ ಮಡ್‌ಕ್ಯಾಟ್ ಗ್ರಾಂಟ್ 21 ಗೆದ್ದರು. ತಂಡ ಮಿನ್ನೆಸೋಟಕ್ಕೆ ಬಂದ ಮೇಲೆ ಮೊದಲ ಸಲ ವರ್ಲ್ಡ್ ಸೀರೀಸ್ ತಲುಪಿತು. ಮರುವರ್ಷ ಜಿಮ್ ಕಾಟ್ 25 ಗೆದ್ದರು. ಸೀಸನ್ ಮುಗಿದ ಕೂಡಲೇ ಸೇನ್ ಅವರನ್ನು ತೆಗೆದರು. ಆಗ ಕಾಟ್ ಮಾಡಿದ ಕೆಲಸ ನೋಡಿ. ಪತ್ರಿಕೆಗೆ ಒಂದು ಬಹಿರಂಗ ಪತ್ರ ಬರೆದರು. ಸೇನ್ ಅವರನ್ನು ಕಳಿಸಿದ್ದು ತಪ್ಪು ಅಂತ ಊರಿಗೆಲ್ಲ ಗೊತ್ತಾಗುವ ಹಾಗೆ, ತಮ್ಮ ಹೆಸರು ಹಾಕಿ. 27 ವರ್ಷದ ಹುಡುಗ, ಅವನ ಸಂಬಳ ಅದೇ ತಂಡದವರ ಕೈಯಲ್ಲಿ. ಒಬ್ಬ ಕೋಚ್‌ಗಾಗಿ ಅಷ್ಟು ಮಾಡಬೇಕಾದರೆ ಅವನಿಗೆ ಆ ಕೋಚ್ ಏನು ಕೊಟ್ಟಿರಬೇಕು ಯೋಚಿಸಿ. ಸೇನ್ ಅವರ ಇಡೀ ಕೋಚಿಂಗ್ ಜೀವನದಲ್ಲಿ ನನಗೆ ಅತಿ ಇಷ್ಟವಾದದ್ದು ಈ ಪತ್ರ.

ಅಲ್ಲಿಂದ ಡೆಟ್ರಾಯಿಟ್ ಟೈಗರ್ಸ್. 1968ರಲ್ಲಿ ಅಲ್ಲಿನ ಡೆನ್ನಿ ಮೆಕ್‌ಲೈನ್ 31 ಪಂದ್ಯ ಗೆದ್ದರು. ಆಮೇಲೆ ಇವತ್ತಿನವರೆಗೆ ಯಾರಿಗೂ 30 ಮುಟ್ಟೋಕೆ ಆಗಿಲ್ಲ. ವರ್ಲ್ಡ್ ಸೀರೀಸ್‌ನಲ್ಲಿ ಮಿಕ್ಕಿ ಲೋಲಿಚ್ ಒಬ್ಬರೇ ಮೂರು ಪಂದ್ಯ ಗೆದ್ದು ಕೊಟ್ಟರು. ಕಪ್ ಬಂತು. 1969ರ ಆಗಸ್ಟ್‌ನಲ್ಲಿ, ಅಂದರೆ ಕಪ್ ಗೆದ್ದು ವರ್ಷ ತುಂಬುವ ಮೊದಲೇ, ಮ್ಯಾನೇಜರ್ ಮೇಯೋ ಸ್ಮಿತ್ ಜೊತೆ ಮುಸುಕಿನ ಗುದ್ದಾಟ ಜೋರಾಗಿ ಸೇನ್ ಕೆಲಸ ಹೋಯಿತು.

1971ರಲ್ಲಿ ಶಿಕಾಗೋ ವೈಟ್ ಸಾಕ್ಸ್. ಇಲ್ಲಿ ಸೇನ್ ಕೈಗೆ ಸಿಕ್ಕವರು ವಿಲ್ಬರ್ ವುಡ್. ಅವರದು ನಕಲ್‌ಬಾಲ್. ಬೆರಳ ತುದಿಯಿಂದ ಹಿಡಿದು ಸುತ್ತೇ ಇಲ್ಲದ ಹಾಗೆ ತೇಲಿ ಬಿಡುವ ಚೆಂಡು. ಅದು ಎತ್ತ ಹೋಗುತ್ತೆ ಅಂತ ಬ್ಯಾಟರ್‌ಗೂ ತಿಳಿಯದು, ಹಿಡಿಯುವ ಕ್ಯಾಚರ್‌ಗೂ ತಿಳಿಯದು. ತೋಳಿಗೆ ಭಾರ ಕಡಿಮೆ. ಎಲ್ಲರೂ ಅವರನ್ನು ಪಂದ್ಯದ ಕೊನೆಗೆ ಎರಡು ಇನಿಂಗ್ಸ್ ಎಸೆಯುವವರು ಅಂದುಕೊಂಡಿದ್ದರು. ಸೇನ್ ಅವರನ್ನು ಪಂದ್ಯ ಶುರು ಮಾಡುವ ಪಿಚರ್ ಮಾಡಿದರು, ಅದೂ ಎರಡೇ ದಿನ ಬಿಡುವು ಕೊಟ್ಟು. ವುಡ್ ಸತತ ನಾಲ್ಕು ವರ್ಷ 20ಕ್ಕೆ ಕಮ್ಮಿ ಗೆಲ್ಲಲಿಲ್ಲ. 1972ರಲ್ಲಿ ಅವರು ಎಸೆದದ್ದು 376 ಇನಿಂಗ್ಸ್. ಈಗಿನ ಪಿಚರ್‌ಗಳು ವರ್ಷಕ್ಕೆ 200 ದಾಟಿದರೆ ದೊಡ್ಡ ಸುದ್ದಿ.

1973ರಲ್ಲಿ ಟ್ವಿನ್ಸ್ ತಂಡ ಜಿಮ್ ಕಾಟ್ ಅವರನ್ನು ಸಾಕು ಅಂತ ಬಿಟ್ಟುಕೊಟ್ಟಿತು. ಕರೆದುಕೊಂಡದ್ದು ವೈಟ್ ಸಾಕ್ಸ್. ಪತ್ರ ಬರೆದ ಹುಡುಗ ಏಳು ವರ್ಷದ ಮೇಲೆ ಮತ್ತೆ ಸೇನ್ ಹತ್ತಿರ ಬಂದ. ಕಾಟ್‌ಗೆ ಆಗ 35 ಹತ್ತಿರ. ಇಬ್ಬರೂ ಸೇರಿ ಎಸೆಯುವ ರೀತಿಯನ್ನೇ ಮೊಟಕು ಮಾಡಿದರು. ಕೈ ಮೇಲೆತ್ತಿ, ಕಾಲೆತ್ತಿ, ತಿರುಗಿ ಎಸೆಯುವ ಬದಲು, ಚೆಂಡು ಕೈಗೆ ಬಂದ ಕೂಡಲೇ ಪಟ್ಟನೆ ಎಸೆಯೋದು. ಬ್ಯಾಟರ್ ಕಾಲು ಊರುವಷ್ಟರಲ್ಲಿ ಚೆಂಡು ಬಂದಿರುತ್ತೆ. 1974ರಲ್ಲಿ 21 ಗೆಲುವು, 1975ರಲ್ಲಿ 20.

ಸೇನ್ ಕೊನೆಗೆ ಬಂದು ಸೇರಿದ್ದು ಅಟ್ಲಾಂಟ ಬ್ರೇವ್ಸ್‌ಗೆ. ಬಾಸ್ಟನ್‌ನಲ್ಲಿ ತಾವು ಆಡಿದ ತಂಡವೇ ಊರು ಬದಲಿಸಿ ಅಲ್ಲಿ ನೆಲೆಸಿತ್ತು. ಅಲ್ಲಿ ಕಿರಿಯರ ತಂಡಗಳ, ಅಂದರೆ ಮೇಜರ್ ಲೀಗ್‌ಗಿಂತ ಕೆಳಗಿನ ಹಂತದ ತಂಡಗಳ, ಪಿಚರ್‌ಗಳಿಗೆ ಹೇಳಿಕೊಡುತ್ತಿದ್ದರು. ವಯಸ್ಸು ಅರವತ್ತು ದಾಟಿತ್ತು. ಓಡಬೇಡಿ, ಎಸೆಯಿರಿ ಅನ್ನೋ ಮುದುಕರ ಮಾತಿಗೆ ಕಿವಿ ಕೊಡುವವರು ಜಾಸ್ತಿ ಇರಲಿಲ್ಲ. ಒಬ್ಬ ಕೊಟ್ಟ. ಲಿಯೋ ಮಝೋನಿ. ವೆಸ್ಟ್ ವರ್ಜೀನಿಯಾದವನು. ಕಿರಿಯರ ತಂಡಗಳಲ್ಲಿ ವರ್ಷಗಟ್ಟಲೆ ಎಸೆದರೂ ಮೇಜರ್ ಲೀಗ್‌ನಲ್ಲಿ ಒಂದು ಚೆಂಡು ಎಸೆಯುವ ಅವಕಾಶ ಸಿಗದವನು. ಸೇನ್ ಜೊತೆ ಕೂತು ಕೇಳಿದ. ಕೇಳಿದ್ದನ್ನು ತನ್ನ ಹುಡುಗರ ಮೇಲೆ ಮಾಡಿ ನೋಡಿದ.

1990ರಲ್ಲಿ ಬಾಬಿ ಕಾಕ್ಸ್ ಬ್ರೇವ್ಸ್ ಮ್ಯಾನೇಜರ್ ಆದಾಗ ಮಝೋನಿ ಅವರನ್ನು ಮೇಲಕ್ಕೆ ಕರೆದರು. ಆಗ ಬ್ರೇವ್ಸ್ ಪಟ್ಟಿಯಲ್ಲಿ ಕಟ್ಟಕಡೆ. 1991ರಲ್ಲಿ ಮೊದಲ ಸ್ಥಾನ. ಆ ವರ್ಷ ಜಾನ್ ಸ್ಮೋಲ್ಟ್ಸ್ ಸೀಸನ್ನಿನ ಮೊದಲರ್ಧದಲ್ಲಿ 2 ಗೆದ್ದು 11 ಸೋತಿದ್ದರು. ಬೇರೆಯವರಾಗಿದ್ದರೆ ಕೆಳಗಿನ ತಂಡಕ್ಕೆ ಕಳಿಸುತ್ತಿದ್ದರು. ಕಾಕ್ಸ್ ಮತ್ತು ಮಝೋನಿ ಅವರ ಸರದಿ ಬಂದಾಗೆಲ್ಲ ಚೆಂಡು ಕೈಗೆ ಕೊಟ್ಟರು. ಉಳಿದರ್ಧದಲ್ಲಿ ಸ್ಮೋಲ್ಟ್ಸ್ 12 ಗೆದ್ದು 2 ಸೋತರು.

ನಾನು ನೋಡಿದ್ದು ಇದೇ ತಂಡವನ್ನು. ಗ್ರೆಗ್ ಮ್ಯಾಡಕ್ಸ್, ಟಾಮ್ ಗ್ಲ್ಯಾವಿನ್, ಸ್ಮೋಲ್ಟ್ಸ್. 1991ರಿಂದ 1998ರ ಒಳಗೆ ಈ ಮೂವರು ಬ್ರೇವ್ಸ್‌ಗೆ ಆರು ಸೈ ಯಂಗ್ ಪ್ರಶಸ್ತಿ ತಂದರು. 1998ರಲ್ಲಂತೂ ಐವರು ಪಿಚರ್‌ಗಳು ತಲಾ 16ಕ್ಕಿಂತ ಕಮ್ಮಿ ಇಲ್ಲದ ಹಾಗೆ ಗೆದ್ದು, ತಂಡ 106 ಪಂದ್ಯ ಗೆದ್ದಿತು. ನಾನು ಟರ್ನರ್ ಫೀಲ್ಡ್‌ನಲ್ಲಿ ಕಮ್ಮಿ ದುಡ್ಡಿನ ಸೀಟಲ್ಲಿ ಕೂತು, ದುರ್ಬೀನು ಹಿಡಿದು ಡಗ್‌ಔಟ್ ಕಡೆ ನೋಡುತ್ತಿದ್ದೆ. ಮಝೋನಿ ಬೆಂಚಿನ ಮೇಲೆ ಕೂತು ಹಿಂದಕ್ಕೂ ಮುಂದಕ್ಕೂ ತೂಗುತ್ತಿದ್ದರು. ಪಾಠ ಬಾಯಿಪಾಠ ಮಾಡೋ ಮಕ್ಕಳು ತೂಗುತ್ತಾರಲ್ಲ, ಹಾಗೆ. ಪಿಚರ್ ಕಷ್ಟದಲ್ಲಿದ್ದರೆ ತೂಗು ಜೋರಾಗುತ್ತಿತ್ತು ಅಂತ ನನಗೆ ಅನ್ನಿಸುತ್ತಿತ್ತು. ಒಬ್ಬ ಮನುಷ್ಯ ಇನ್ನೊಬ್ಬನ ಎಸೆತವನ್ನು ತನ್ನ ಮೈಯಲ್ಲೇ ಅನುಭವಿಸೋದನ್ನು ಅಲ್ಲಿ ಕಂಡೆ.

ಬೇರೆ ತಂಡಗಳಲ್ಲಿ ಎರಡು ಪಂದ್ಯಗಳ ನಡುವೆ ಪಿಚರ್ ಒಮ್ಮೆ ಅಭ್ಯಾಸಕ್ಕೆ ಎಸೆದರೆ, ಮಝೋನಿ ಎರಡು ಸಲ ಎಸೆಸುತ್ತಿದ್ದರು. ಹತ್ತು ಹದಿನೈದು ನಿಮಿಷ, ಅರೆಬಲದಲ್ಲಿ. ಗುರಿ ಒಂದೇ, ಬ್ಯಾಟರ್‌ನಿಂದ ದೂರದ ಕೆಳಗಿನ ಮೂಲೆ. ವೇಗ ಎಷ್ಟು ಬಂತು ಅಂತ ಕೇಳೋದಿಲ್ಲ, ಆ ಮೂಲೆಗೆ ಬಂತಾ ಅಂತ ಕೇಳೋದು. ಸೇನ್ ಹೇಳಿದ್ದೇ ಇದು, ಅಲ್ವಾ? ಗ್ಲ್ಯಾವಿನ್ 22 ಸೀಸನ್ ಆಡಿದರು. ಗಾಯಾಳುಗಳ ಪಟ್ಟಿಗೆ ಅವರ ಹೆಸರು ಮೊದಲ ಸಲ ಸೇರಿದ್ದು 2008ರಲ್ಲಿ, 42ನೇ ವಯಸ್ಸಿನಲ್ಲಿ. ಸ್ಮೋಲ್ಟ್ಸ್ ಅಷ್ಟು ಅದೃಷ್ಟವಂತರಲ್ಲ. 2000ದಲ್ಲಿ ಅವರ ಮೊಣಕೈಗೆ ಶಸ್ತ್ರಚಿಕಿತ್ಸೆ ಆಯಿತು. ಮಝೋನಿ 2005ರ ಕೊನೆಗೆ ಬಾಲ್ಟಿಮೋರ್ ತಂಡಕ್ಕೆ ಹೋದರು. ಅಲ್ಲಿ ಅದೇ ಪಾಠ ಫಲ ಕೊಡಲಿಲ್ಲ. ಎರಡು ವರ್ಷಕ್ಕೆ ಅವರನ್ನು ತೆಗೆದರು. ಒಳ್ಳೆಯ ಕೋಚ್‌ಗೆ ಕೇಳುವ ಪಿಚರ್‌ಗಳೂ ಬೇಕು, ತಾಳ್ಮೆ ಇರುವ ಮ್ಯಾನೇಜರ್ ಕೂಡ ಬೇಕು.

ಭಾರತದ ನಂಟು ಒಂದಿದೆ, ಬೇಗ ಹೇಳಿ ಮುಂದೆ ಹೋಗುತ್ತೇನೆ. ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದ ಹುಡುಗರು. 2008ರಲ್ಲಿ ಒಂದು ಸ್ಪರ್ಧೆಯಲ್ಲಿ ಆಯ್ಕೆಯಾಗಿ ಅಮೆರಿಕಕ್ಕೆ ಹೋದರು. ಬೇಸ್‌ಬಾಲ್ ಗೊತ್ತೇ ಇಲ್ಲದ ಅವರಿಗೆ ಎಸೆಯೋದನ್ನು ಕಲಿಸಿದವರು ಟಾಮ್ ಹೌಸ್, ಟೆಕ್ಸಸ್ ತಂಡದಲ್ಲಿ ನೋಲನ್ ರಯಾನ್ ಜೊತೆ ಕೆಲಸ ಮಾಡಿದ ಪಿಚಿಂಗ್ ಕೋಚ್. ಅದೇ ವರ್ಷದ ನವೆಂಬರ್‌ನಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಇಬ್ಬರನ್ನೂ ತನ್ನ ಕಿರಿಯರ ತಂಡಕ್ಕೆ ಸೇರಿಸಿಕೊಂಡಿತು.

ಈಗಿನ ಪಿಚಿಂಗ್ ಕೋಚ್ ಕೈಯಲ್ಲಿ ಏನೇನಿದೆ! ಸೆಕೆಂಡಿಗೆ ನೂರಾರು ಚಿತ್ರ ತೆಗೆಯುವ ಕ್ಯಾಮೆರಾ, ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ಸುತ್ತಿತು ಅಂತ ಹೇಳುವ ಯಂತ್ರ. ಸೇನ್ ಕಡ್ಡಿಯಲ್ಲಿ ತೋರಿಸಿದ್ದು ಈಗ ಪರದೆಯ ಮೇಲೆ ಅಂಕಿಯಾಗಿ ಬರುತ್ತೆ. ಆ ಯಂತ್ರಗಳನ್ನು ನಾನು ದೂರುವುದಿಲ್ಲ. ಆದರೆ ಮೇಜರ್ ಲೀಗ್‌ನವರೇ 2024ರ ಡಿಸೆಂಬರ್‌ನಲ್ಲಿ ಪಿಚರ್‌ಗಳ ಗಾಯದ ಬಗ್ಗೆ ಒಂದು ವರದಿ ಹೊರತಂದರು. ಇನ್ನೂ ವೇಗ, ಇನ್ನೂ ತಿರುವು, ಪ್ರತಿ ಚೆಂಡಿಗೂ ಪೂರ್ತಿ ಬಲ ಅನ್ನೋ ಹಟವೇ ತೋಳುಗಳನ್ನು ಹಾಳು ಮಾಡುತ್ತಿದೆ ಅಂತ ಅದರಲ್ಲಿದೆ. ಅರೆಬಲದಲ್ಲಿ ಎಸೆಯಿರಿ ಅಂತ ಸೇನ್ ಹೇಳಿ ಅರವತ್ತು ವರ್ಷದ ಮೇಲಾಯಿತು.

ಸೇನ್ 2006ರ ನವೆಂಬರ್‌ನಲ್ಲಿ ತೀರಿಕೊಂಡರು. 89 ವರ್ಷ. ಬೇಸ್‌ಬಾಲ್ ದಿಗ್ಗಜರ ಗೌರವ ಭವನವಾದ ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ನಲ್ಲಿ ಆಟಗಾರರಿದ್ದಾರೆ, ಮ್ಯಾನೇಜರ್‌ಗಳಿದ್ದಾರೆ, ಅಂಪೈರ್‌ಗಳೂ ಇದ್ದಾರೆ. ಬರೀ ಕೋಚಿಂಗ್‌ಗಾಗಿ ಅಲ್ಲಿಗೆ ಸೇರಿದವರು ಒಬ್ಬರೂ ಇಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. "ಸಾರ್, ಅಷ್ಟೊಂದು ಎಸೆಸಿದ್ದರಲ್ಲ, ಅವರ ಪಿಚರ್‌ಗಳ ತೋಳು ಉಳೀತಾ?"

ಬಹಳ ಸರಿಯಾದ ಪ್ರಶ್ನೆ. ಎಲ್ಲರದೂ ಉಳಿಯಲಿಲ್ಲ. 31 ಗೆದ್ದ ಮೆಕ್‌ಲೈನ್ ಎರಡು ವರ್ಷದಲ್ಲಿ 660 ಇನಿಂಗ್ಸ್ ಮೇಲೆ ಎಸೆದು, ಭುಜ ಕೆಡಿಸಿಕೊಂಡು, 28ಕ್ಕೆ ಮೇಜರ್ ಲೀಗ್‌ನಿಂದ ಹೊರಬಿದ್ದರು. ಬೌಟನ್ ತೋಳಿಗೂ ಬೇಗ ನೋವು ಬಂತು. ಪಂದ್ಯದಲ್ಲಿ ಎಷ್ಟು ಎಸೆಯಬೇಕು ಅನ್ನೋದು ಕೊನೆಗೆ ಮ್ಯಾನೇಜರ್ ಕೈಯಲ್ಲಿರುತ್ತೆ ನಿಜ. ಹಾಗಂತ ಸೇನ್ ಅವರಿಗೆ ಅದರಲ್ಲಿ ಪಾಲೇ ಇಲ್ಲ ಅಂತ ನಾನು ಹೇಳಲಾರೆ.

ಆಮೇಲೆ ಅವರಿಗೆ ಕಾಟ್ ಬಗ್ಗೆ ಹೇಳಿದೆ. ಟ್ವಿನ್ಸ್ ತಂಡ ಸಾಕು ಅಂತ ಕೈಬಿಟ್ಟ ಮೇಲೂ ಜಿಮ್ ಕಾಟ್ ಹತ್ತು ವರ್ಷ ಎಸೆದರು. ಒಟ್ಟು 25 ಸೀಸನ್, 283 ಗೆಲುವು. 2022ರಲ್ಲಿ ಹಾಲ್ ಆಫ್ ಫೇಮ್‌ಗೂ ಸೇರಿದರು. ಕೊನೆಯ ಸಲ ದಿಬ್ಬದಿಂದ ಇಳಿದದ್ದು 1983ರಲ್ಲಿ. ಆಗ ಅವರಿಗೆ 44 ವರ್ಷ.